ಹನ್ನೊಂದು ತಿಂಗಳು ಮೊದಲೇ ಗೊತ್ತಿರಬೇಕಾದ ರಜೆ

ಅಮೆರಿಕದ ಇಬೇ ತಾಣದಲ್ಲಿ ರಿಸಾರ್ಟಿನಲ್ಲಿ ವರ್ಷಕ್ಕಿಷ್ಟು ದಿನ ತಂಗುವ ಹಕ್ಕು, ಅಂದರೆ ಟೈಮ್‌ಶೇರ್, ಒಂದು ಡಾಲರ್‌ಗೆ ಮಾರಾಟಕ್ಕಿರುತ್ತದೆ. ಅದನ್ನೇ ಕಂಪನಿಯಿಂದ ನೇರವಾಗಿ ಕೊಂಡವರು ಇಪ್ಪತ್ತೋ ಮೂವತ್ತೋ ಸಾವಿರ ಡಾಲರ್ ತೆತ್ತಿರುತ್ತಾರೆ. ಈಗ ಒಂದು ಡಾಲರ್‌ಗೂ ಗಿರಾಕಿ ಸಿಗದೆ, ‘ವರ್ಗಾವಣೆ ಖರ್ಚು ನಮ್ಮದು, ಈ ವರ್ಷದ ಮೇಂಟೆನೆನ್ಸ್ ಕಟ್ಟಿಯಾಗಿದೆ’ ಎಂದು ಮಾರುವವರೇ ಆಸೆ ತೋರಿಸುತ್ತಾರೆ. ಪಾಯಿಂಟ್ ಲೆಕ್ಕದ ಟೈಮ್‌ಶೇರ್ ಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಎಲ್ಲೇ ನಡೆದರೂ ಮಾತು ಶುರುವಾಗುವುದು ‘ಪಾಯಿಂಟಿಗೆ ಎಷ್ಟು?’ ಎಂಬಲ್ಲಿಂದ. ಈ ಒಂದು ಡಾಲರ್‌ನ ಜಾಹೀರಾತು ನೋಡಿದವರು ಬೇರೆ ಪ್ರಶ್ನೆ ಕೇಳಬೇಕಾಗುತ್ತದೆ: ಪುಕ್ಕಟೆಯಾಗಿ ಕೊಟ್ಟರೆ ತೆಗೆದುಕೊಳ್ಳುತ್ತೀರಾ? ಪ್ರತಿ ವರ್ಷ ಶುಲ್ಕ ಕಟ್ಟಿ, ಅವರು ಹೇಳಿದ ನಿಯಮದ ಪ್ರಕಾರ ಬುಕ್ ಮಾಡಿ, ಅಲ್ಲಿಗೇ ಹೋಗುತ್ತೀರಾ? ಇದಕ್ಕೆ ಹೌದು ಎನ್ನುವವರು ಮಾತ್ರ ಬೆಲೆಯ ವಿಚಾರಕ್ಕೆ ಬರಬಹುದು.

ಟೈಮ್‌ಶೇರ್ ಹುಟ್ಟಿದ್ದು ಯುರೋಪಿನಲ್ಲಿ, 1960ರ ದಶಕದಲ್ಲಿ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸೂಪರ್‌ದೆವೊಲುಯಿ ಎಂಬ ಸ್ಕೀ ತಾಣದಲ್ಲಿ ವಾರಗಳ ಲೆಕ್ಕದಲ್ಲಿ ಹಕ್ಕು ಮಾರಿದರು. ಸ್ವಿಟ್ಜರ್‌ಲೆಂಡಿನಲ್ಲಿ 1963ರಲ್ಲಿ ಶುರುವಾದ ಹಾಪಿಮ್ಯಾಗ್ ಷೇರು ಕೊಟ್ಟು, ಷೇರುದಾರರಿಗೆ ಪಾಯಿಂಟ್ ಹಂಚುವ ದಾರಿ ಹಿಡಿಯಿತು. ಅಂದರೆ ಪಾಯಿಂಟ್ ಪದ್ಧತಿಗೂ ವಾರದ ಪದ್ಧತಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅಮೆರಿಕಕ್ಕೆ ಬಂದಾಗ ವಾರದ ಪದ್ಧತಿಯೇ ಗೆದ್ದಿತು: ಒಂದು ಅಪಾರ್ಟ್‌ಮೆಂಟಿನ ವರ್ಷವನ್ನು ವಾರಗಳಾಗಿ ಸೀಳಿ, ಒಂದೊಂದನ್ನು ಒಂದೊಂದು ಕುಟುಂಬಕ್ಕೆ ಮಾರುವುದು. ಜುಲೈ ಮೂರನೇ ವಾರ ನಿಮ್ಮದು, ಸಾಯುವತನಕ ನಿಮ್ಮದು. ಪ್ರತಿ ವರ್ಷ ಅದೇ ವಾರ ಅದೇ ಊರು ಬೇಜಾರಾದಾಗ ಅದಲುಬದಲು ಮಾಡಿಕೊಡಲು 1974ರಲ್ಲಿ ಆರ್‌ಸಿಐ, 1976ರಲ್ಲಿ ಇಂಟರ್‌ವಲ್ ಇಂಟರ್‌ನ್ಯಾಷನಲ್ ಕಂಪನಿಗಳು ಹುಟ್ಟಿಕೊಂಡವು.

ವಾರದ ಪದ್ಧತಿಯಲ್ಲಿ ಕೊಳ್ಳುವವರಿಗಿಂತ ಮಾರುವವರಿಗೇ ತಲೆನೋವು ಹೆಚ್ಚು. ಕ್ರಿಸ್‌ಮಸ್ ವಾರ ನಾ ಮುಂದು ತಾ ಮುಂದು ಎಂದು ಹೋಗುತ್ತದೆ. ಶಾಲೆ ಶುರುವಾದ ಮೇಲಿನ ಸೆಪ್ಟೆಂಬರ್ ವಾರ ಯಾರಿಗೆ ಬೇಕು? ಪಾಯಿಂಟ್ ಬಂದಮೇಲೆ ಈ ತೊಂದರೆ ಕರಗಿತು. ಸೆಪ್ಟೆಂಬರನ್ನು ಪ್ರತ್ಯೇಕವಾಗಿ ಮಾರಬೇಕಿಲ್ಲ, ಯಾವ ರಾತ್ರಿಗೆ ಎಷ್ಟು ಪಾಯಿಂಟ್ ಖರ್ಚು ಎಂದು ತಿಳಿಸುವ ಚಾರ್ಟ್‌ನಲ್ಲಿ ಅದಕ್ಕೆ ಕಡಿಮೆ ಪಾಯಿಂಟ್ ಬರೆದರೆ ಸಾಕು. ಇನ್ನೊಂದು ಲಾಭವೂ ಇತ್ತು. ವಾರವನ್ನು ಅರ್ಧ ಮಾಡಿ ಮಾರುವುದು ಕಷ್ಟ, ಪಾಯಿಂಟನ್ನು ಐವತ್ತು ನೂರು ಎಂದು ಎಷ್ಟು ಬೇಕಾದರೂ ತುಂಡು ಮಾಡಬಹುದು. ಹಾಗಾಗಿ ಒಮ್ಮೆ ಕೊಂಡವರನ್ನು ಪ್ರತಿ ಸಲ ರಿಸಾರ್ಟಿಗೆ ಬಂದಾಗಲೂ ಬೆಳಗಿನ ತಿಂಡಿಗೆ ಕರೆದು, ‘ನಿಮ್ಮ ಪಾಯಿಂಟ್ ಸಾಲುವುದಿಲ್ಲವಲ್ಲ ಸಾರ್’ ಎಂದು ಇನ್ನಷ್ಟು ಮಾರುವ ದಾರಿ ತೆರೆಯಿತು. ಡಿಸ್ನಿ 1991ರಲ್ಲಿ ಫ್ಲೋರಿಡಾದ ಓಲ್ಡ್ ಕೀ ವೆಸ್ಟ್ ರಿಸಾರ್ಟಿನೊಂದಿಗೆ ಶುರುಮಾಡಿದ ಡಿಸ್ನಿ ವೆಕೇಷನ್ ಕ್ಲಬ್ ಮೊದಲಿಂದಲೂ ಪಾಯಿಂಟಿನದು. ವಾರಗಳನ್ನು ಮಾರುತ್ತಿದ್ದ ಮ್ಯಾರಿಯಟ್ ಕೂಡ 2010ರಲ್ಲಿ ಪಾಯಿಂಟಿಗೆ ತಿರುಗಿತು. ‘ಗ್ರಾಹಕರ ಅನುಕೂಲಕ್ಕಾಗಿ’ ಎಂದು ಎಲ್ಲರೂ ಹೇಳಿದರು. ಅದರಲ್ಲಿ ಸತ್ಯವಿಲ್ಲವೆಂದಲ್ಲ, ಪೂರ್ತಿ ಸತ್ಯವಲ್ಲ ಅಷ್ಟೇ.

ಇಲ್ಲಿಂದ ಮುಂದೆ ಡಿಸ್ನಿಯ ಕ್ಲಬ್ಬನ್ನೇ ಹೆಚ್ಚು ನೋಡೋಣ. ಅದು ಎಲ್ಲಕ್ಕಿಂತ ಕೆಟ್ಟದೆಂದು ಇದನ್ನು ಆರಿಸಿಕೊಂಡಿಲ್ಲ. ಮರುಮಾರಾಟದಲ್ಲಿ ಒಂದಿಷ್ಟು ಬೆಲೆ ಉಳಿಸಿಕೊಂಡಿರುವ ಕೆಲವೇ ಕ್ಲಬ್ಬುಗಳಲ್ಲಿ ಅದೂ ಒಂದು. ಅತ್ಯುತ್ತಮ ಎನ್ನಿಸಿಕೊಂಡಲ್ಲೇ ಲೆಕ್ಕ ಹೇಗೆ ಕೂರುತ್ತದೆ ಎಂದು ತಿಳಿದರೆ ಉಳಿದವುಗಳ ಅಂದಾಜು ತಾನಾಗಿ ಸಿಗುತ್ತದೆ.

ಕಂಪನಿಯಿಂದ ನೇರವಾಗಿ ಕೊಂಡರೆ ಪಾಯಿಂಟಿನ ಬೆಲೆ ಈಗ 200 ಡಾಲರ್ ದಾಟಿದೆ. ಉದಾಹರಣೆಗೆ 220 ಎಂದಿಟ್ಟುಕೊಂಡು 150 ಪಾಯಿಂಟ್ ಕೊಳ್ಳುವ ಕುಟುಂಬವೊಂದನ್ನು ನೋಡಿ. ಅಸಲು 33,000 ಡಾಲರ್. ವಾರ್ಷಿಕ ಶುಲ್ಕ ಪಾಯಿಂಟಿಗೆ 9 ಡಾಲರ್ ಎಂದುಕೊಂಡರೆ ವರ್ಷಕ್ಕೆ 1,350. ಒಪ್ಪಂದದಲ್ಲಿ ಇನ್ನು 45 ವರ್ಷ ಉಳಿದಿದೆ ಎನ್ನೋಣ. ಮಾರಾಟದ ಮೇಜಿನಲ್ಲಿ ನಿಮಗೆ ತೋರಿಸುವ ಗಣಿತ ಹೀಗಿರುತ್ತದೆ: 33,000ವನ್ನು 45ರಿಂದ ಭಾಗಿಸಿ, ಮತ್ತೆ 150ರಿಂದ ಭಾಗಿಸಿ, ಪಾಯಿಂಟಿಗೆ ವರ್ಷಕ್ಕೆ ಐದು ಡಾಲರ್‌ಗೂ ಕಡಿಮೆ. ಅದಕ್ಕೆ 9 ಕೂಡಿಸಿದರೆ ಹದಿನಾಲ್ಕರ ಒಳಗೆ. ಬೇರೆ ಸದಸ್ಯರಿಂದ ಪಾಯಿಂಟನ್ನು ಬಾಡಿಗೆಗೆ ಪಡೆದರೆ ಇಪ್ಪತ್ತರ ಆಸುಪಾಸು ಬೀಳುತ್ತದೆ. ನೋಡಿ ಎಷ್ಟು ಉಳಿಯಿತು!

ಈ ಗಣಿತದಲ್ಲಿ ಬಡ್ಡಿ ಎಂಬ ಪದವೇ ಇಲ್ಲ. 33,000 ಡಾಲರನ್ನು ಶೇ. 5 ಬರುವಲ್ಲಿ ಇಟ್ಟಿದ್ದರೆ ವರ್ಷಕ್ಕೆ 1,650 ಬರುತ್ತಿತ್ತು. ಪಾಯಿಂಟಿಗೆ ಹಂಚಿದರೆ 11. ಅದಕ್ಕೆ 9 ಸೇರಿಸಿದರೆ ಇಪ್ಪತ್ತು, ಬಾಡಿಗೆಯ ದರಕ್ಕೆ ಸಮ. ಹೀಗೆ ಬಡ್ಡಿ ತಿಂದವರ ಅಸಲು 45 ವರ್ಷದ ನಂತರವೂ ಬ್ಯಾಂಕಿನಲ್ಲಿರುತ್ತದೆ, ಕ್ಲಬ್ಬಿಗೆ ಕೊಟ್ಟವರದು ಇರುವುದಿಲ್ಲ. ಡಿಸ್ನಿಯ ಒಪ್ಪಂದಗಳಿಗೆ ಕೊನೆಯ ದಿನವಿದೆ. ಓಲ್ಡ್ ಕೀ ವೆಸ್ಟ್, ಬೋರ್ಡ್‌ವಾಕ್, ಬೀಚ್ ಕ್ಲಬ್‌ಗಳದು 2042ರ ಜನವರಿ 31ಕ್ಕೆ ಮುಗಿಯುತ್ತದೆ. ಓಲ್ಡ್ ಕೀ ವೆಸ್ಟ್‌ನಲ್ಲಿ ಕೆಲವರು ದುಡ್ಡು ಕೊಟ್ಟು 2057ರವರೆಗೆ ವಿಸ್ತರಿಸಿಕೊಂಡಿದ್ದಾರೆ. ಆ ದಿನ ದಾಟಿದ ಮೇಲೆ ಕಟ್ಟಡ ಕಂಪನಿಯದು.

ಇಷ್ಟೂ ಕೈಯಲ್ಲಿ ದುಡ್ಡಿದ್ದವರ ಮಾತು. ಸಾಲ ಮಾಡಿ ಕೊಂಡರೆ ಕಥೆಯೇ ಬೇರೆ. 30,000 ಡಾಲರ್ ಸಾಲ, ಶೇ. 12 ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳ ಕಂತು ಸುಮಾರು 430, ಒಟ್ಟು ಕಟ್ಟುವುದು 51,600ಕ್ಕೂ ಮಿಕ್ಕಿ. ಟೈಮ್‌ಶೇರ್ ಸಾಲಕ್ಕೆ ಶೇ. 12 ಅತಿಶಯದ ದರವೇನಲ್ಲ, ಅದಕ್ಕಿಂತ ಮೇಲೆ ಹೋಗುವುದೂ ಉಂಟು. ಮರುಮಾರಾಟದಲ್ಲಿ ಬೆಲೆ ಬೀಳುವ ವಸ್ತುವಾದ್ದರಿಂದ ಅದನ್ನು ಅಡವಿಟ್ಟುಕೊಂಡು ಮನೆಸಾಲದ ದರಕ್ಕೆ ಸಾಲ ಕೊಡಲು ಬ್ಯಾಂಕುಗಳು ಮುಂದೆ ಬರುವುದಿಲ್ಲ. ನನ್ನ ಮಟ್ಟಿಗೆ ಇಲ್ಲೇ ಚರ್ಚೆ ಮುಗಿಯಿತು: ಸಾಲ ಮಾಡಿ ಕೊಳ್ಳುವವರಿಗೆ ಯಾವ ಪಾಯಿಂಟೂ ಅಗ್ಗವಲ್ಲ.

ವಾರ್ಷಿಕ ಶುಲ್ಕಕ್ಕೆ ಬರೋಣ. ಆಸ್ತಿ ತೆರಿಗೆ, ವಿಮೆ, ಸಿಬ್ಬಂದಿ ಸಂಬಳ, ಸೋಫಾ ಹಾಸಿಗೆ ಬದಲಿಸಲು ತೆಗೆದಿಡುವ ನಿಧಿ, ನಿರ್ವಹಣೆ ಕಂಪನಿಯ ಪಾಲು, ಎಲ್ಲವೂ ಅದರಲ್ಲೇ. ಬೆಂಗಳೂರಿನಲ್ಲಿ ಫ್ಲ್ಯಾಟ್ ಇಟ್ಟುಕೊಂಡವರಿಗೆ ಮೇಂಟೆನೆನ್ಸ್ ಎಂದರೇನೆಂದು ವಿವರಿಸಬೇಕಿಲ್ಲ. ಆದರೆ ಅಲ್ಲಿ ಅಸೋಸಿಯೇಷನ್ ಮೀಟಿಂಗಿಗೆ ಹೋಗಿ ಜಗಳ ಮಾಡಬಹುದು. ಇಲ್ಲಿ ಸಾವಿರಾರು ಮಾಲೀಕರು ಐವತ್ತು ರಾಜ್ಯಗಳಲ್ಲಿ ಚೆದುರಿಹೋಗಿದ್ದು, ಆಡಳಿತ ಸಾಮಾನ್ಯವಾಗಿ ಕಟ್ಟಿಸಿದ ಕಂಪನಿಯ ಹಿಡಿತದಲ್ಲೇ ಇರುತ್ತದೆ. ಕಡಲ ದಂಡೆಯ ರಿಸಾರ್ಟುಗಳಲ್ಲಿ ಚಂಡಮಾರುತದ ವಿಮೆಯ ಭಾರವೂ ಸೇರಿಕೊಳ್ಳುತ್ತದೆ. ಡಿಸ್ನಿಯ ರಿಸಾರ್ಟುಗಳಲ್ಲಿ ಪಾಯಿಂಟಿಗೆ ಅತಿ ಹೆಚ್ಚು ಶುಲ್ಕ ಕಟ್ಟುವವರಲ್ಲಿ ಫ್ಲೋರಿಡಾದ ಕಡಲ ತೀರದ ವೀರೋ ಬೀಚಿನವರಿದ್ದಾರೆ. ವರ್ಷಕ್ಕೆ ಶೇ. 4 ಏರಿದರೂ 1,350 ಡಾಲರ್ ಹದಿನೆಂಟು ವರ್ಷದಲ್ಲಿ ಇಮ್ಮಡಿಯಾಗುತ್ತದೆ. ಆ ವರ್ಷ ನೀವು ಹೋದಿರಾ ಬಿಟ್ಟಿರಾ ಎಂದು ಬಿಲ್ ಕೇಳುವುದಿಲ್ಲ.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಡಿಸ್ನಿಯಲ್ಲಿ ಒಂದು ರಿಸಾರ್ಟಿನ ಒಟ್ಟು ಪಾಯಿಂಟುಗಳ ಸಂಖ್ಯೆ ಕಟ್ಟಿಹಾಕಿದ್ದು. ಒಂದು ರಾತ್ರಿಗೆ ಪಾಯಿಂಟ್ ಏರಿಸಿದರೆ ಇನ್ನೊಂದು ರಾತ್ರಿಗೆ ಇಳಿಸಲೇಬೇಕು. ಹೋಟೆಲಿನ ನಗದು ದರ ಇಪ್ಪತ್ತು ವರ್ಷದಲ್ಲಿ ಎಲ್ಲಿಗೋ ಏರಿರುವಾಗ ಹಳೆಯ ಸದಸ್ಯರಿಗೆ ಅದೇ ಪಾಯಿಂಟಿಗೆ ಹೆಚ್ಚುಕಡಿಮೆ ಅಷ್ಟೇ ರಾತ್ರಿ ಸಿಗುತ್ತಿದೆ. ತೊಂಬತ್ತರ ದಶಕದಲ್ಲಿ ಕೊಂಡು, ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ, ಈಗ ಮೊಮ್ಮಕ್ಕಳ ಜೊತೆ ಹೋಗುತ್ತಿರುವವರು ಲಾಭದಲ್ಲೇ ಇದ್ದಾರೆ, ಅನುಮಾನ ಬೇಡ. ಆದರೆ ಈ ಕಟ್ಟುಪಾಡು ಎಲ್ಲ ಕ್ಲಬ್ಬುಗಳಲ್ಲೂ ಇಲ್ಲ. ಪಾಯಿಂಟು ಯಾವುದೋ ಒಂದು ಕಟ್ಟಡಕ್ಕೆ ಅಂಟಿಕೊಂಡಿದೆಯೋ, ಹಲವು ರಿಸಾರ್ಟುಗಳ ಟ್ರಸ್ಟಿನಲ್ಲಿ ತೇಲುತ್ತಿದೆಯೋ ಎಂಬುದನ್ನು ದಾಖಲೆಯಲ್ಲೇ ನೋಡಬೇಕು. ಹೋಟೆಲ್ ಸರಪಳಿಯ ಲಾಯಲ್ಟಿ ಪಾಯಿಂಟಾಗಿ ಬದಲಿಸಿಕೊಳ್ಳುವ ಅವಕಾಶವಂತೂ ಹೆಸರಿಗಷ್ಟೇ ಅನುಕೂಲ, ಬದಲಿಸಿದ ಕ್ಷಣ ಬೆಲೆ ಸೋರಿಹೋಗುತ್ತದೆ.

ಈಗ ಸಡಿಲಿಕೆಯ ವಿಚಾರ. ಪಾಯಿಂಟ್ ಮಾರುವವರ ದೊಡ್ಡ ಮಾತು ಇದೇ: ಬೇಕಾದಾಗ ಹೋಗಿ, ಬೇಕಾದಲ್ಲಿಗೆ ಹೋಗಿ, ಬೇಕಾದಷ್ಟು ದೊಡ್ಡ ರೂಮು ಹಿಡಿಯಿರಿ. ಒಂದೊಂದಾಗಿ ಪರೀಕ್ಷಿಸಿದರೆ ಪ್ರತಿಯೊಂದಕ್ಕೂ ಬಾಲವೊಂದು ಅಂಟಿಕೊಂಡಿರುವುದು ಕಾಣುತ್ತದೆ.

ಡಿಸ್ನಿಯಲ್ಲಿ ಪ್ರತಿ ಸದಸ್ಯರಿಗೂ ‘ಯೂಸ್ ಇಯರ್’ ಎಂಬ ಸ್ವಂತ ವರ್ಷವಿದೆ. ಒಬ್ಬರದು ಫೆಬ್ರವರಿಗೆ ಶುರುವಾದರೆ ಇನ್ನೊಬ್ಬರದು ಡಿಸೆಂಬರಿಗೆ. ಉಳಿದ ಪಾಯಿಂಟನ್ನು ಮುಂದಿನ ವರ್ಷಕ್ಕೆ ಹಾಕಬಹುದು, ಆದರೆ ನಡೆಯುತ್ತಿರುವ ವರ್ಷದ ಮೊದಲ ಎಂಟು ತಿಂಗಳೊಳಗೇ ತೀರ್ಮಾನಿಸಬೇಕು. ಒಂಬತ್ತನೇ ತಿಂಗಳಲ್ಲಿ ಅಮ್ಮನಿಗೆ ಹುಷಾರು ತಪ್ಪಿ ಪ್ರವಾಸ ರದ್ದಾದರೆ ಆ ಪಾಯಿಂಟನ್ನು ಉಳಿದ ತಿಂಗಳುಗಳಲ್ಲೇ ಖರ್ಚು ಮಾಡಬೇಕು, ಇಲ್ಲವೇ ಕಳೆದುಕೊಳ್ಳಬೇಕು. ಮುಂದಿನ ವರ್ಷದ ಪಾಯಿಂಟನ್ನು ಸಾಲವಾಗಿ ಎಳೆದುಕೊಳ್ಳಬಹುದು. ಹಾಗೆ ಎಳೆದವರಿಗೆ ಮುಂದಿನ ವರ್ಷ ರಜೆಯಿಲ್ಲ, ಶುಲ್ಕ ಮಾತ್ರ ಇರುತ್ತದೆ.

ಬುಕಿಂಗ್ ಕಿಟಕಿ ಇನ್ನೂ ಸ್ವಾರಸ್ಯ. ನೀವು ಕೊಂಡ ರಿಸಾರ್ಟಿಗೆ 11 ತಿಂಗಳು ಮುಂಚೆ ಬುಕ್ ಮಾಡಬಹುದು, ಕ್ಲಬ್ಬಿನ ಬೇರೆ ರಿಸಾರ್ಟಿಗೆ 7 ತಿಂಗಳು ಮುಂಚೆ. ಆ ನಾಲ್ಕು ತಿಂಗಳಲ್ಲಿ ಬೇಡಿಕೆಯ ರೂಮುಗಳು ಖಾಲಿಯಾಗಿರುತ್ತವೆ. ಆನಿಮಲ್ ಕಿಂಗ್‌ಡಮ್ ರಿಸಾರ್ಟಿನಲ್ಲಿ ಕಡಿಮೆ ಪಾಯಿಂಟಿಗೆ ಸಿಗುವ ‘ವ್ಯಾಲ್ಯೂ’ ಸ್ಟುಡಿಯೋಗಳು ಕೆಲವೇ ಕೆಲವು. ಅವುಗಳಿಗಾಗಿ ಜನ ಪೂರ್ವ ಕರಾವಳಿಯ ಬೆಳಗಿನ 8 ಗಂಟೆಗೆ ಸರಿಯಾಗಿ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವವರಿಗೆ ಅದು ಬೆಳಗಿನ ಜಾವ 5. ಅಲ್ಲಿಗೇ ಮುಗಿಯಲಿಲ್ಲ. ತಮಗೆ ಬೇಕಾದ ತಾರೀಖಿಗಿಂತ ಕೆಲವು ದಿನ ಮುಂಚಿನದನ್ನೇ ಬುಕ್ ಮಾಡಿ, ಕಿಟಕಿ ತೆರೆದಂತೆಲ್ಲ ದಿನಕ್ಕೊಂದು ತಾರೀಖು ಮುಂದೆ ತಳ್ಳುತ್ತಾ ಬೇಕಾದ ವಾರಕ್ಕೆ ತಲುಪುವವರಿದ್ದಾರೆ. ಸದಸ್ಯರ ಭಾಷೆಯಲ್ಲಿ ಇದಕ್ಕೆ ‘ವಾಕಿಂಗ್’ ಎಂದೇ ಹೆಸರು. ಈ ವಿದ್ಯೆ ಗೊತ್ತಿಲ್ಲದವರು 11 ತಿಂಗಳು ತುಂಬಿದ ದಿನವೇ ಕೂತರೂ ರೂಮು ಸಿಗುವುದಿಲ್ಲ. ರಜೆಯ ಸಡಿಲಿಕೆಗೆ ಇಷ್ಟೊಂದು ಶಿಸ್ತು ಬೇಕಾದೀತೆಂದು ಬ್ರೋಷರಿನಲ್ಲಿ ಬರೆದಿರುವುದಿಲ್ಲ.

ಚಾರ್ಟೂ ಕಲ್ಲಿನಲ್ಲಿ ಕೊರೆದದ್ದಲ್ಲ. ಮೊದಲು ಶುಕ್ರವಾರ, ಶನಿವಾರದ ರಾತ್ರಿಗಳಿಗೆ ಬಹಳ ಹೆಚ್ಚು ಪಾಯಿಂಟ್ ಇತ್ತು. ಜಾಣ ಸದಸ್ಯರು ಭಾನುವಾರದಿಂದ ಗುರುವಾರದ ತನಕ ಇದ್ದು ಜಾಗ ಖಾಲಿ ಮಾಡುತ್ತಿದ್ದರು, ಅದೇ ಲೆಕ್ಕದಲ್ಲಿ ಪಾಯಿಂಟನ್ನೂ ಕಡಿಮೆ ಕೊಂಡಿದ್ದರು. 2010ರ ಚಾರ್ಟಿನಲ್ಲಿ ವಾರಾಂತ್ಯದ ಭಾರ ಇಳಿಸಿ ವಾರದ ದಿನಗಳ ಮೇಲೆ ಹಾಕಿದರು. ಒಟ್ಟು ಮೊತ್ತ ಅಷ್ಟೇ, ನಿಯಮ ಮೀರಲಿಲ್ಲ. ಆದರೆ ಐದು ರಾತ್ರಿಗೆಂದು ಅಳೆದು ತೂಗಿ ಕೊಂಡವರ ಪಾಯಿಂಟ್ ಐದು ರಾತ್ರಿಗೆ ಸಾಲದಾಯಿತು.

ಇನ್ನು ‘ಬೇಕಾದಲ್ಲಿಗೆ’ ಎಂಬುದು. ಮರುಮಾರಾಟದಲ್ಲಿ ಪಾಯಿಂಟ್ ಅಗ್ಗ, ನೇರ ಬೆಲೆಯ ಅರ್ಧಕ್ಕೂ ಸಿಗುವುದುಂಟು. ಅದನ್ನು ತಡೆಯಲು ಕಂಪನಿ ಬೇಲಿ ಕಟ್ಟುತ್ತಾ ಬಂದಿದೆ. ಯಾವುದೇ ಮಾರಾಟವನ್ನು ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕು ಅದಕ್ಕಿದೆ. 2019ರ ಜನವರಿ 19ರ ನಂತರ ಹಳೆಯ 14 ರಿಸಾರ್ಟುಗಳ ಪಾಯಿಂಟನ್ನು ಮರುಮಾರಾಟದಲ್ಲಿ ಕೊಂಡವರು ರಿವಿಯೆರಾ ಮತ್ತು ಆಮೇಲೆ ಬಂದ ರಿಸಾರ್ಟುಗಳಿಗೆ ಆ ಪಾಯಿಂಟ್ ಬಳಸುವಂತಿಲ್ಲ; ರಿವಿಯೆರಾದ ಪಾಯಿಂಟನ್ನು ಹಾಗೆ ಕೊಂಡವರು ರಿವಿಯೆರಾಕ್ಕೇ ಹೋಗಬೇಕು. ಅಂದರೆ ನೀವು ಇಂದು ಪೂರ್ತಿ ದುಡ್ಡು ಕೊಟ್ಟು ಕೊಳ್ಳುವ ಸಡಿಲಿಕೆಯನ್ನು ನಾಳೆ ಮಾರಲಾರಿರಿ. ಅದು ನಿಮ್ಮ ಹೆಸರಿಗೆ ಅಂಟಿದ್ದು, ಕೈ ಬದಲಾದರೆ ಆವಿ.

ರೂಮೇ ಸಿಗದ ಪ್ರಕರಣಗಳೂ ಇವೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಕ್ಲಬ್ ಎಂಬ ಟೈಮ್‌ಶೇರ್‌ನಲ್ಲಿ ಮಾಲೀಕರಿಗೆ ಬುಕಿಂಗ್ ಸಿಗುತ್ತಿರಲಿಲ್ಲ, ಅದೇ ರೂಮುಗಳು ಹೊರಗಿನವರಿಗೆ ಹೋಟೆಲಿನಂತೆ ಬಾಡಿಗೆಗೆ ಹೋಗುತ್ತಿದ್ದವು. ರಾಜ್ಯದ ಅಟಾರ್ನಿ ಜನರಲ್ ತನಿಖೆ ನಡೆಸಿ, 2017ರಲ್ಲಿ 65 ಲಕ್ಷ ಡಾಲರ್‌ಗಳ ಇತ್ಯರ್ಥವಾಯಿತು.

ಅಮೆರಿಕದ ಕನ್ನಡ ಕುಟುಂಬಗಳ ಮಟ್ಟಿಗೆ ಈ ಪ್ರಶ್ನೆಗೆ ಒಂದೆರಡು ಬೇರೆ ಮುಖಗಳಿವೆ. ಆಕರ್ಷಣೆ ಸುಲಭವಾಗಿ ಅರ್ಥವಾಗುತ್ತದೆ. ಎರಡು ಬೆಡ್‌ರೂಮಿನ ವಿಲ್ಲಾದಲ್ಲಿ ಎಂಟೊಂಬತ್ತು ಜನ ಹಿಡಿಸುತ್ತಾರೆ, ಪೂರ್ತಿ ಅಡುಗೆಮನೆ, ಬಟ್ಟೆ ಒಗೆಯುವ ಮೆಷಿನ್ ಇರುತ್ತದೆ. ಮೈಸೂರಿನಿಂದ ಬಂದ ಅಪ್ಪ ಅಮ್ಮನಿಗೆ ಮೂರು ಹೊತ್ತೂ ಪಾರ್ಕಿನ ಪಿಜ್ಜಾ ತಿನ್ನಿಸುವ ಬದಲು ಒಂದು ಕುಕ್ಕರ್ ಅನ್ನ, ತಿಳಿಸಾರು ಮಾಡಿಕೊಳ್ಳಬಹುದು. ಹೋಟೆಲಿನಲ್ಲಿ ಎರಡು ಮೂರು ರೂಮು ಹಿಡಿದು ಒಬ್ಬೊಬ್ಬರು ಒಂದೊಂದು ಮಹಡಿಯಲ್ಲಿ ಮಲಗುವುದಕ್ಕಿಂತ ಇದು ಎಷ್ಟೋ ಮೇಲು. ತೊಡಕಿರುವುದು ಪಾಯಿಂಟಿನಲ್ಲಿ: ಒಂದು ಬೆಡ್‌ರೂಮಿನ ಮನೆಗೇ ಸ್ಟುಡಿಯೋದ ಸುಮಾರು ಎರಡರಷ್ಟು ಬೇಕು, ಎರಡು ಬೆಡ್‌ರೂಮಿಗೆ ಇನ್ನೂ ಮೇಲೆ. ಸ್ಟುಡಿಯೋದಲ್ಲಿ ಮೈಕ್ರೋವೇವ್, ಚಿಕ್ಕ ಫ್ರಿಜ್ ಬಿಟ್ಟರೆ ಅಡುಗೆಗೆ ಹೆಚ್ಚೇನಿಲ್ಲ. 150 ಪಾಯಿಂಟ್ ಕೊಂಡವರು ಅಡುಗೆಮನೆಯ ಆಸೆಯಲ್ಲಿ ಕೊಂಡು ಸ್ಟುಡಿಯೋದಲ್ಲಿ ಉಳಿಯುತ್ತಾರೆ, ಮುಂದಿನ ಸಲ ಬೆಳಗಿನ ತಿಂಡಿಯ ಮೀಟಿಂಗಿನಲ್ಲಿ ಇನ್ನೂ ನೂರು ಕೊಳ್ಳುತ್ತಾರೆ.

ಅಪ್ಪ ಅಮ್ಮ ಬರುವ ತಾರೀಖು 11 ತಿಂಗಳು ಮುಂಚೆ ಯಾರಿಗೆ ಗೊತ್ತಿರುತ್ತದೆ? ವೀಸಾ ಸಂದರ್ಶನಕ್ಕೆ ದಿನ ಸಿಗಬೇಕು, ಊರಲ್ಲಿ ಮದುವೆ ಮುಂಜಿ ಇರಬಾರದು, ಟಿಕೆಟ್ ಹೊಂದಬೇಕು. ಅದಕ್ಕಿಂತ ದೊಡ್ಡದೊಂದು ವಿಷಯವನ್ನು ಮಾರಾಟದ ಮೇಜಿನಲ್ಲಿ ಯಾರೂ ಎತ್ತುವುದಿಲ್ಲ. ಎಚ್‌1ಬಿ ವೀಸಾ ಒಮ್ಮೆಗೆ ಮೂರು ವರ್ಷಕ್ಕೆ ಸಿಗುವಂಥದ್ದು. ಭಾರತೀಯರಿಗೆ ಗ್ರೀನ್ ಕಾರ್ಡಿನ ಸಾಲು ಎಷ್ಟು ಉದ್ದವೆಂಬುದು ಎಲ್ಲರಿಗೂ ಗೊತ್ತು. ಮೂರು ವರ್ಷದ ಪರವಾನಗಿಯ ಮೇಲೆ ನಿಂತು ನಲವತ್ತೈವತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕುವುದು ಎಂಥ ಲೆಕ್ಕಾಚಾರ? ಕೆಲಸ ಹೋಗಿಯೋ, ಮನಸ್ಸು ಬದಲಾಗಿಯೋ ಬೆಂಗಳೂರಿಗೆ ಮರಳಿದರೆ ಡಾಲರಿನ ಬಿಲ್ ಬೆನ್ನಿಗೇ ಬರುತ್ತದೆ. ಡಿಸ್ನಿಯ ರಿಸಾರ್ಟುಗಳಿರುವ ಒರ್ಲ್ಯಾಂಡೋಗೆ ವಿಮಾನದ ಖರ್ಚೇ ರೂಮಿನ ಖರ್ಚನ್ನು ಮೀರುತ್ತದೆ. ಇಂಥವರು ಯಾರದಾದರೂ ಪಾಯಿಂಟನ್ನು ಬಾಡಿಗೆಗೆ ಪಡೆದು ಅದೇ ವಿಲ್ಲಾದಲ್ಲಿ ಇದ್ದು ಬರುವುದು ಎಷ್ಟೋ ವಾಸಿ. ಬಾಡಿಗೆಯ ಬುಕಿಂಗ್ ರದ್ದು ಮಾಡಿದರೆ ಸಾಮಾನ್ಯವಾಗಿ ದುಡ್ಡು ವಾಪಸಾಗುವುದಿಲ್ಲ ನಿಜ, ಆದರೆ ಮುಳುಗುವುದು ಒಂದು ರಜೆ ಮಾತ್ರ.

ಭಾರತದಲ್ಲಿ ಕಥೆ ಬೇರೆ ರೀತಿ ಬೆಳೆಯಿತು. ಸ್ಟರ್ಲಿಂಗ್ ಕಂಪನಿ 1986ರಲ್ಲಿ ಶುರುವಾಯಿತು, ಮಹೀಂದ್ರಾ ಹಾಲಿಡೇಸ್ 1996ರಲ್ಲಿ. ಅದು ನಡೆಸುವ ಕ್ಲಬ್ ಮಹೀಂದ್ರಾದ ಹೆಸರುವಾಸಿ ಸದಸ್ಯತ್ವ 25 ವರ್ಷದ್ದು, ವರ್ಷಕ್ಕೆ ಏಳು ರಾತ್ರಿ. ಪರ್ಪಲ್, ರೆಡ್, ವೈಟ್, ಬ್ಲೂ ಎಂದು ಸೀಸನ್‌ಗಳಿಗೆ ಬಣ್ಣ. 50 ದಾಟಿದವರಿಗಾಗಿ ಪಾಯಿಂಟ್ ಆಧಾರದ ಬ್ಲಿಸ್ ಎಂಬ ಚಿಕ್ಕ ಅವಧಿಯ ಯೋಜನೆಯನ್ನೂ ತಂದಿದ್ದಾರೆ. ಇಲ್ಲಿ ನೀವು ಕೊಳ್ಳುವುದು ಆಸ್ತಿಯಲ್ಲ, ಬಳಸುವ ಹಕ್ಕು ಮಾತ್ರ, ಅವಧಿ ಮುಗಿದರೆ ಮುಗಿಯಿತು. ಅಮೆರಿಕದ ಶಾಶ್ವತ ಒಪ್ಪಂದಗಳನ್ನು ನೋಡಿದವರಿಗೆ ಇದೇ ಎಷ್ಟೋ ಹಗುರ ಅನ್ನಿಸುತ್ತದೆ. ಆದರೆ ವಾರ್ಷಿಕ ಶುಲ್ಕ, ಅದರ ಮೇಲೆ ಜಿಎಸ್‌ಟಿ ಇಲ್ಲೂ ಉಂಟು. ಇಕ್ಕಟ್ಟು ಬರುವುದೂ ಅದೇ ಜಾಗದಲ್ಲಿ: ದಸರಾ ರಜೆ, ಕ್ರಿಸ್‌ಮಸ್ ರಜೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಎಲ್ಲರಿಗೂ ಮಡಿಕೇರಿ, ವಿರಾಜಪೇಟೆಯೇ ಬೇಕು. ಮಳೆ ಹಿಡಿದ ಜುಲೈಯಲ್ಲಿ ಕೊಡಗು ಅದೆಷ್ಟು ಚೆಂದವಿದ್ದರೂ ಮಕ್ಕಳಿಗೆ ಶಾಲೆ ಇರುತ್ತದೆ. ಮಕ್ಕಳು ದೊಡ್ಡವರಾಗಿ, ಗಂಡ ಹೆಂಡತಿ ಇಬ್ಬರೇ ವಾರದ ನಡುವೆ ಹೊರಡಬಲ್ಲ ನಿವೃತ್ತರಿಗೆ ಇದೇ ಸದಸ್ಯತ್ವ ಚೆನ್ನಾಗಿ ಒದಗುತ್ತದೆ. ಪಾಯಿಂಟಿರಲಿ ವಾರವಿರಲಿ, ಸಡಿಲಿಕೆ ಸಿಗುವುದು ಮೊದಲೇ ಸಡಿಲವಾಗಿರುವವರಿಗೆ.

ಮಾರುವ ಶೈಲಿ ಮಾತ್ರ ಎರಡೂ ದೇಶದಲ್ಲಿ ಒಂದೇ. ಮಾಲ್‌ನಲ್ಲಿ ಕೂಪನ್ ತುಂಬಿಸಿಕೊಂಡು ‘ನಿಮಗೆ ಬಹುಮಾನ ಬಂದಿದೆ, ದಂಪತಿ ಸಮೇತ ಬನ್ನಿ’ ಎಂದು ಫೋನ್ ಮಾಡುತ್ತಾರೆ. ಒರ್ಲ್ಯಾಂಡೋದಲ್ಲಾದರೆ ಪಾರ್ಕಿನ ಟಿಕೆಟಿಗೆ ರಿಯಾಯಿತಿ. ದಂಪತಿ ಏಕೆ ಬೇಕೆಂದರೆ ‘ಮನೆಯವರನ್ನು ಒಂದು ಮಾತು ಕೇಳಿ ಹೇಳುತ್ತೇನೆ’ ಎಂಬ ದಾರಿ ಮುಚ್ಚಲು. ಇವತ್ತು ಮಾತ್ರ ಈ ಬೆಲೆ ಎನ್ನುವುದು ಎರಡನೇ ಬೀಗ.

ಒಳಗೆ ಹೋದಷ್ಟು ಸಲೀಸಾಗಿ ಹೊರಗೆ ಬರಲಾಗುವುದಿಲ್ಲ. ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ಬಾಕಿ ವಸೂಲಿ, ಆಮೇಲೆ ಜಪ್ತಿ, ಕ್ರೆಡಿಟ್ ದಾಖಲೆಗೆ ಕಲೆ. ಕೆಲವು ಕಂಪನಿಗಳು ಸಾಲ ತೀರಿದ ಒಪ್ಪಂದವನ್ನು ವಾಪಸ್ ತೆಗೆದುಕೊಳ್ಳುತ್ತವೆ, ಮೊದಲು ಕೇಳಬೇಕಾದದ್ದು ಅವರನ್ನೇ. ‘ನಿಮ್ಮನ್ನು ಬಿಡಿಸುತ್ತೇವೆ’ ಎಂದು ಮುಂಗಡ ಕೇಳುವವರನ್ನು ದೂರವಿಡಿ. ಮೆಕ್ಸಿಕೋದ ಪ್ವೆರ್ಟೊ ವಲ್ಲಾರ್ಟಾದಲ್ಲಿ ಟೈಮ್‌ಶೇರ್ ಮಾಲೀಕರನ್ನೇ ಗುರಿಯಾಗಿಸಿದ ವಂಚನೆಯ ಹಿಂದೆ ಹಲಿಸ್ಕೋದ ಮಾದಕವಸ್ತು ಕಾರ್ಟೆಲ್ ಇದೆಯೆಂದು ಅಮೆರಿಕದ ಖಜಾನೆ ಇಲಾಖೆ 2023ರಲ್ಲಿ ಅದರ ನಂಟಿನ ಕಂಪನಿಗಳ ಮೇಲೆ ನಿರ್ಬಂಧ ಹೇರಿತು. ಕೊಳ್ಳುವವರು ಸಿಕ್ಕಿದ್ದಾರೆ, ತೆರಿಗೆ ಮೊದಲು ಕಟ್ಟಿ ಎಂದು ವಯಸ್ಸಾದವರಿಂದ ದುಡ್ಡು ಕೀಳುವುದು ಈ ವಂಚಕರ ಕಸುಬು.

ಸುಲಭದ ದಾರಿಯೊಂದಿದೆ, ಆದರೆ ಅದು ಬಹಳ ಬೇಗ ಮುಚ್ಚುತ್ತದೆ. ಫ್ಲೋರಿಡಾದ ಕಾನೂನಿನಲ್ಲಿ ಸಹಿ ಹಾಕಿದ ದಿನ ಅಥವಾ ಕೊನೆಯ ದಾಖಲೆ ಕೈಸೇರಿದ ದಿನ, ಯಾವುದು ತಡವೋ ಅಲ್ಲಿಂದ ಹತ್ತು ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು, ಮಾರಿದವರು ಏನೇ ಬರೆಸಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ. ಭಾರತದಲ್ಲಿ ಒಪ್ಪಂದ ಪತ್ರದಲ್ಲಿ ಬರೆದಿರುವ ಅವಧಿಯನ್ನು ನೋಡಿಕೊಳ್ಳಬೇಕು. ಹೆಚ್ಚಿನವರು ಸಹಿ ಹಾಕುವುದು ರಜೆಯ ನಡುವೆ. ಮನೆ ಸೇರಿ, ಕೆಲಸಕ್ಕೆ ಹೋಗಿ, ದಪ್ಪ ಫೈಲನ್ನು ಬಿಚ್ಚುವ ಹೊತ್ತಿಗೆ ಆ ದಿನಗಳಲ್ಲಿ ಅರ್ಧ ಕಳೆದಿರುತ್ತವೆ. ಸೇಲ್ಸ್‌ಮನ್‌ಗೆ ಫೋನ್ ಮಾಡಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಪ್ಪಂದದಲ್ಲಿ ಕೊಟ್ಟಿರುವ ವಿಳಾಸಕ್ಕೇ, ಅದರಲ್ಲಿ ಹೇಳಿದ ಕ್ರಮದಲ್ಲೇ ಪತ್ರ ಹೋಗಬೇಕು, ಕಳಿಸಿದ ದಿನದ ಅಂಚೆ ರಸೀದಿ ನಿಮ್ಮ ಹತ್ತಿರ ಇರಬೇಕು.